ಹದಿನಾಲ್ಕನೇ ತಾರೀಖಿನ ಬಟ್ಟೆ

ಏನು ಕೆಲಸ ಮಾಡುತ್ತೀ ಎಂದು ಕೇಳಿದವರಿಗೆ ಕಸ ಕಲಸುತ್ತೇನೆ ಎಂದು ಹೇಳುತ್ತೇನೆ. ಅರ್ಧ ಜನ ಅಲ್ಲಿಗೇ ಮಾತು ಬದಲಿಸಿ ಬಿಸಿಲಿನ ವಿಷಯಕ್ಕೆ ಹೋಗುತ್ತಾರೆ. ಹೋಗಲಿ, ಎಲ್ಲರಿಗೂ ಬಿಡಿಸಿ ಹೇಳುತ್ತಾ ಕೂರುವಷ್ಟು ಪುರುಸೊತ್ತು ನನಗೂ ಇಲ್ಲ. ನಿಂತು ಕೇಳುವವರಿಗೆ ಮಾತ್ರ ಮುಂದಿನದು: ಊರಿನ ಕಸವನ್ನೂ ಹೊಲಗಳಿಂದ ಬರುವ ಹುಲ್ಲು ದಂಟುಗಳನ್ನೂ ಸುಟ್ಟು ಕರೆಂಟು ತೆಗೆಯುವ ಕಾರ್ಖಾನೆಯಲ್ಲಿ ನಾನು ಕ್ರೇನು ನಡೆಸುತ್ತೇನೆ. ಅಲ್ಲಿ ನನ್ನನ್ನು ಕರೆಯುವುದೇ ಕ್ರೇನಮ್ಮ ಎಂದು.

ಐದು ಮಹಡಿ ಆಳದ ಒಂದು ಕಾಂಕ್ರೀಟು ಗುಂಡಿ. ಅದರ ನೆತ್ತಿಯ ಮೇಲೆ ಗಾಜಿನ ಕೋಣೆ, ಕೋಣೆಯಲ್ಲಿ ಒಂದು ಕುರ್ಚಿ, ಕುರ್ಚಿಯ ಎರಡೂ ಕೈಗಳ ಮೇಲೆ ಒಂದೊಂದು ಹಿಡಿ. ಹಿಡಿ ಸರಿಸಿದರೆ ಆರು ಬೆರಳಿನ ಕಬ್ಬಿಣದ ಪಂಜ ಕೆಳಗಿಳಿದು ಕಸವನ್ನು ಬಾಚಿ ಮೇಲೆತ್ತುತ್ತದೆ. ಊರಿನ ಕಸ ಹಸಿ. ಸಿಪ್ಪೆ, ಉಳಿದ ಅನ್ನ, ನೆನೆದ ರಟ್ಟು. ಅದೊಂದನ್ನೇ ಕುಲುಮೆಯ ಬಾಯಿಗೆ ಹಾಕಿದರೆ ಬೆಂಕಿ ಮುಖ ಸಿಂಡರಿಸಿಕೊಂಡು ಕೂತುಬಿಡುತ್ತದೆ. ಹುಲ್ಲನ್ನೊಂದೇ ಹಾಕಿದರೆ ಭಗ್ಗೆಂದು ಉರಿದು ನಾಲ್ಕು ನಿಮಿಷದಲ್ಲಿ ಖಾಲಿ. ಎರಡನ್ನೂ ಎತ್ತಿ ಎತ್ತಿ ಸುರಿದು, ಹದ ನೋಡಿ, ಆಮೇಲೆ ಬಾಯಿಗೆ ಕೊಡಬೇಕು. ನನ್ನ ಗಂಡ ಬೇಕರಿಯಲ್ಲಿ ಹಿಟ್ಟು ಕಲಸುತ್ತಾನೆ, ನಾನು ಕಸ ಕಲಸುತ್ತೇನೆ, ಇಬ್ಬರದೂ ಕೊನೆಗೆ ಹೋಗುವುದು ಬೆಂಕಿಗೇ ಎಂದು ಮದುವೆಯಾದ ಹೊಸದರಲ್ಲಿ ನಗುತ್ತಿದ್ದೆವು.

ಕುಲುಮೆಯ ಬಿಸಿ ಎಂಟುನೂರ ಐವತ್ತು ಡಿಗ್ರಿಗಿಂತ ಕೆಳಗಿಳಿಯಬಾರದು. ಇಳಿದರೆ ಬೆಂಕಿ ಎಲ್ಲವನ್ನೂ ಪೂರ್ತಿ ತಿನ್ನುವುದಿಲ್ಲ. ತಿನ್ನದೆ ಬಿಟ್ಟದ್ದು ಚಿಮಣಿಯಿಂದ ಮಸಿಯಾಗಿ, ವಿಷದ ಹೊಗೆಯಾಗಿ ಹೊರಗೆ ಬರುತ್ತದೆ. ಈ ಒಂದು ಸಂಖ್ಯೆಯನ್ನು ಕಾಯುವುದಕ್ಕೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿರುವುದು. ನಾಲ್ಕು ವರ್ಷ ಕಸ ಸಾಗಿಬರುವ ರಬ್ಬರು ಪಟ್ಟಿಯ ಮುಂದೆ ಅದನ್ನು ವಿಂಗಡಿಸುತ್ತಾ ನಿಂತು, ಎರಡು ವರ್ಷ ಊಟದ ಬಿಡುವಿನಲ್ಲಿ ಕದ್ದು ಕ್ರೇನು ಕಲಿತು, ಮೂರು ಸಲ ಪರೀಕ್ಷೆ ಕೊಟ್ಟು ಹತ್ತಿದ ಕುರ್ಚಿ ಅದು. ನನಗಿಂತ ಮೊದಲು ಅಲ್ಲಿ ಹೆಂಗಸರು ಯಾರೂ ಕೂತಿರಲಿಲ್ಲ. ಹಾಗಾಗಿ ಅದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಮೋಹ.

ಇನ್ನು ನಮ್ಮ ಅತ್ತೆ. ಅವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಬಿಳಿ ಬಟ್ಟೆಯ ಮೇಲೆ ಯಾವುದೇ ಕಲೆ ಬಿದ್ದರೂ ಅದು ಏನು, ಯಾವಾಗ ಬಿತ್ತು, ಯಾವುದಕ್ಕೆ ಹೋಗುತ್ತದೆ ಎಂದು ನಿಂತಲ್ಲೇ ಹೇಳುತ್ತಾರೆ. ಒಮ್ಮೆ ದೊಡ್ಡ ಡಾಕ್ಟರರೊಬ್ಬರು ಒಂದು ಹೊದಿಕೆ ಹಿಡಿದು ಇದು ಹಳೇ ಕಲೆ, ನೀವು ಸರಿಯಾಗಿ ಒಗೆದಿಲ್ಲ ಎಂದರಂತೆ. ಅತ್ತೆ ಮೂಸಿ ನೋಡಿ, ಇದು ಇವತ್ತು ಬೆಳಿಗ್ಗೆ ಬಿದ್ದ ಅಯೋಡಿನ್, ನಿಮ್ಮ ಕೈಯದೇ ಎಂದರಂತೆ. ಡಾಕ್ಟರು ಅಂಗೈ ನೋಡಿಕೊಂಡು ಸುಮ್ಮನೆ ಹೋದರಂತೆ. ಈ ಕಥೆಯನ್ನು ನಾನು ಕಡಿಮೆಯೆಂದರೂ ನೂರು ಸಲ ಕೇಳಿದ್ದೇನೆ. ನನ್ನ ಕಣ್ಣು ಈವರೆಗೆ ತಪ್ಪಿಲ್ಲ ಎನ್ನುವುದು ಅದರ ಕೊನೆಯ ಮಾತು, ಪ್ರತಿ ಸಲವೂ.

ನಮ್ಮ ಮನೆ ಚಿಮಣಿಗೆ ನಾಲ್ಕು ಬೀದಿ ಆಚೆ. ಹೊಗೆ ಬರುತ್ತದೆ, ಒಗೆದು ಹಾಕಿದ ಬಟ್ಟೆ ಕೆಡುತ್ತದೆ, ಕೆಮ್ಮು ಜಾಸ್ತಿಯಾಗಿದೆ ಎಂದು ಬೀದಿಯ ಜನ ಗೊಣಗಲು ಶುರುಮಾಡಿದರು. ಮೂಲೆಯಂಗಡಿಯ ದರ್ಜಿ ಒಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳುತ್ತಾ ನಮ್ಮ ಮನೆಗೂ ಬಂದ. ಅತ್ತೆ ಸಹಿ ಹಾಕಲಿಲ್ಲ.

"ನೋಡದೆ ಸಹಿ ಹಾಕಲ್ಲ. ಒಂದು ತಿಂಗಳು ತಡ್ಕೋ" ಎಂದರು.

ಎರಡು ಹಳೆಯ ಬಿಳಿ ಹೊದಿಕೆ ತೆಗೆದು ಮೊಳ ಅಗಲದ ಮೂವತ್ತೊಂದು ತುಂಡು ಮಾಡಿದರು. ಬೆಳಿಗ್ಗೆ ಏಳಕ್ಕೆ ತಾರಸಿಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಒಂದು ತುಂಡು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಸಂಜೆ ಐದಕ್ಕೆ ಅದನ್ನು ಕೆಳಗೆ ತಂದು, ಬೆರಳಲ್ಲಿ ಉಜ್ಜಿ, ಮೂಸಿ, ಮೂಲೆಯಲ್ಲಿ ಕೆಂಪು ದಾರದಿಂದ ತಾರೀಖು ಹೊಲಿಯುವುದು. ಆಸ್ಪತ್ರೆಯಲ್ಲಿ ವಾರ್ಡಿನ ಸಂಖ್ಯೆಯನ್ನು ಹಾಗೇ ಹೊಲಿಯುತ್ತಿದ್ದರಂತೆ. ಶಾಯಿ ಹೋಗುತ್ತದೆ, ಆ ಕೆಂಪು ದಾರ ಹೋಗುವುದಿಲ್ಲ.

ನನಗೆ ಮೈಯೆಲ್ಲಾ ಉರಿಯಿತು. ಸೊಸೆ ಕೆಲಸ ಮಾಡುವ ಜಾಗದ ಮೇಲೆ ಅತ್ತೆ ಕಾವಲು ಕೂತರೆ ಯಾರಿಗೆ ಹಿತವಾಗುತ್ತದೆ ಹೇಳಿ. ಆದರೆ ಹೊರಗೆ ತೋರಿಸಿಕೊಳ್ಳಲಿಲ್ಲ. ನಮ್ಮ ಕುಲುಮೆ ಸರಿಯಾಗಿದೆ, ತಿಂಗಳಾದ ಮೇಲೆ ಅವರಿಗೇ ಗೊತ್ತಾಗುತ್ತದೆ ಎಂದುಕೊಂಡೆ.

ಆ ತಿಂಗಳ ಐದು, ಆರು ಎರಡು ದಿನವೂ ಜೋರು ಮಳೆ ಸುರಿಯಿತು. ಹುಲ್ಲಂಗಳದಲ್ಲಿ ಒಟ್ಟಿದ್ದ ಕಟ್ಟುಗಳ ಮೇಲಿನ ತಾಡಪಾಲು ಹರಿದು ಅರ್ಧಕ್ಕರ್ಧ ನೆನೆದುಹೋದವು. ನೆನೆದ ಹುಲ್ಲನ್ನು ಬಿಗಿಯಾಗಿ ಒಟ್ಟಿಟ್ಟರೆ ಒಳಗೊಳಗೇ ಕಾವು ಹುಟ್ಟಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿಕೊಳ್ಳುವವನು ಸಲಾಕೆಯಣ್ಣ. ಒಂದಾಳುದ್ದದ ಕಬ್ಬಿಣದ ಸಲಾಕೆ ಸದಾ ಅವನ ಕೈಯಲ್ಲಿರುತ್ತದೆ, ಹೆಸರೂ ಅದರಿಂದಲೇ ಬಂದದ್ದು. ಅದನ್ನು ಒಟ್ಟಿಲೊಳಗೆ ಚುಚ್ಚಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಹೊರಗೆಳೆದು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಬೀಡಿಯನ್ನು ಗೇಟಿನ ಹೊರಗೆ ಹೋಗಿ ಸೇದುತ್ತಾನೆ, ಅಷ್ಟು ಬುದ್ಧಿ ಇದೆ. ಸಲಾಕೆಯನ್ನು ಹಿಡಿಯಲು ಆದರೆ ಸರಿ. ಆಗದಿದ್ದರೆ ಒಟ್ಟಿಲು ಖಾಲಿ ಮಾಡಬೇಕು.

ಏಳನೇ ತಾರೀಖು ಬೆಳಿಗ್ಗೆ ಅವನು ಸಲಾಕೆ ಹಿಡಿದು ಕೈ ಕೊಡವಿದ. ಫೋನಿನಲ್ಲಿ ನನಗೆ, "ಕ್ರೇನಮ್ಮ, ಸಂಜೆವರೆಗೂ ತಡೆಯಲ್ಲ ಇದು. ಈಗಲೇ ಒಳಗೆ ತಗೋ" ಎಂದ.

ಹುಲ್ಲಿನ ಕಟ್ಟು ಎಂದರೆ ಒಂದು ಟ್ರಂಕಿನಷ್ಟು ದಪ್ಪ, ಮೂರು ಸುತ್ತು ತಂತಿ ಬಿಗಿದಿರುತ್ತದೆ. ಗುಂಡಿಗೆ ಬರುವ ಮುಂಚೆ ತಂತಿ ಕತ್ತರಿಸಿ, ಹುಲ್ಲು ಬಿಡಿಸಿ, ಹಸಿ ಕಸದ ಜೊತೆ ಕಲಸಬೇಕು. ಬಿಗಿದ ಕಟ್ಟಿನ ಒಳಕ್ಕೆ ಬೆಂಕಿ ಹೋಗುವುದಿಲ್ಲ. ಇದು ನಮ್ಮಲ್ಲಿ ಮೊದಲ ದಿನ ಕಲಿಸುವ ಪಾಠ. ತಂತಿ ಕತ್ತರಿಸಲು ಇದ್ದವರು ಇಬ್ಬರೇ. ನಾನು ದೊಡ್ಡ ಇಂಜಿನಿಯರಿಗೆ ಫೋನು ಮಾಡಿದೆ.

"ತಂತಿ ಕತ್ತರಿಸ್ತಾ ಕೂತ್ರೆ ಅಂಗಳ ಹೊತ್ಕೊಂಡು ಉರಿಯುತ್ತೆ. ಹಾಗೇ ಹಾಕಮ್ಮ" ಎಂದರು.

ಹಾಗೇ ಹಾಕಿದೆ, ನಲವತ್ತು ಕಟ್ಟು. ಬಿಸಿಯ ಮುಳ್ಳು ಎಂಟುನೂರ ಎಪ್ಪತ್ತರಿಂದ ಏಳುನೂರಕ್ಕೆ ಜಾರಿತು, ನಲವತ್ತು ನಿಮಿಷ ಅಲ್ಲೇ ಕೂತಿತು. ದಾಖಲೆ ಪುಸ್ತಕದಲ್ಲಿ ಬಿಸಿಯನ್ನು ಗಂಟೆಗೊಮ್ಮೆ ಬರೆಯುತ್ತಾರೆ. ಎಂಟು ಗಂಟೆಗೆ ಸರಿಯಾಗಿತ್ತು, ಒಂಬತ್ತಕ್ಕೆ ಮತ್ತೆ ಸರಿಯಾಗಿತ್ತು. ನಡುವೆ ಆದದ್ದನ್ನು ಯಾರೂ ಬರೆಯಲಿಲ್ಲ.

ಆ ದಿನದ ತಪ್ಪನ್ನು ಇಂಜಿನಿಯರ ತಲೆಗೆ ಕಟ್ಟಬಹುದು. ಹದಿನಾಲ್ಕು ಮತ್ತು ಇಪ್ಪತ್ತೆರಡನೇ ತಾರೀಖಿನದು ಹಾಗಲ್ಲ. ಆ ಎರಡು ದಿನ ಒಟ್ಟಿಲು ಹೊತ್ತಿಕೊಳ್ಳುವ ಹೆದರಿಕೆ ಇರಲಿಲ್ಲ, ಯಾರೂ ಹಾಕು ಎನ್ನಲಿಲ್ಲ. ತಂತಿ ಕತ್ತರಿಸುವವರು ನಿಧಾನ ಮಾಡುತ್ತಿದ್ದರು, ಗುಂಡಿಯಲ್ಲಿ ಹಸಿ ಕಸ ಏರುತ್ತಿತ್ತು, ಹೋದ ಸಲ ಏನೂ ಆಗಲಿಲ್ಲವಲ್ಲ ಎಂದುಕೊಂಡು ಕಟ್ಟುಕಟ್ಟಾಗಿಯೇ ಬಾಯಿಗೆ ಸುರಿದೆ. ಸೋಮಾರಿತನ, ಅಷ್ಟೇ. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಇಪ್ಪತ್ತೆರಡರ ಮಧ್ಯಾಹ್ನ ಪಾಳಿ ಮುಗಿಸಿ ಹೊರಟಾಗ ಸಲಾಕೆಯಣ್ಣ ನನ್ನನ್ನು ಬೂದಿ ಬೀಳುವ ಕಡೆಗೆ ಕರೆದ. ಬೂದಿಯ ನಡುವೆ ಒಂದು ಕಟ್ಟು ಇಡಿಯಾಗಿ ಹೊರಗೆ ಬಂದು ಬಿದ್ದಿತ್ತು. ಮೇಲೆಲ್ಲಾ ಕರಿ, ತಂತಿ ಹಾಗೇ ಬಿಗಿದುಕೊಂಡಿದೆ. ಅವನು ಸಲಾಕೆಯಿಂದ ಒಂದು ಪದರ ಕಿತ್ತ. ಒಳಗೆ ಹುಲ್ಲು ಹಳದಿಯಾಗಿತ್ತು, ಹೊಲದಿಂದ ಆಗ ತಾನೆ ತಂದ ಹಾಗೆ.

"ಬೆಂಕಿಯೊಳಗೆ ಹೋಗಿ ಬೇಯದೆ ಬಂದಿದೆ ನೋಡು ಮಹಾರಾಯ್ತಿ" ಎಂದ.

"ಬಿಸಾಕಣ್ಣ ಅದನ್ನ."

"ಬಿಸಾಕಲ್ಲ. ಇದನ್ನ ಇಟ್ಕೋತೀನಿ. ಆಗಾಗ ನಿನಗೆ ತೋರಿಸೋಕೆ ಬೇಕು."

ಅವತ್ತು ಸಂಜೆ ಅತ್ತೆ ಬಟ್ಟೆ ಹಿಡಿದು ಕೆಳಗೆ ಬಂದರು. ಸಾಸಿವೆ ಚೆಲ್ಲಿದ ಹಾಗೆ ಕರಿ ಚುಕ್ಕೆ. ಉಜ್ಜಿದಲ್ಲಿ ಎಣ್ಣೆಯ ಹಾಗೆ ಹರಡಿತು. "ಇದು ರಸ್ತೆ ಧೂಳಲ್ಲ, ಒಲೆ ಹೊಗೆನೂ ಅಲ್ಲ. ಚಿಮಣಿದೇ. ಇದು ಮೂರನೇದು" ಎಂದರು. ಮೊದಲ ಎರಡು ಯಾವುದೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಉಳಿದ ದಿನಗಳ ಬಟ್ಟೆಗೆ ಮಣ್ಣುಬಣ್ಣದ ತೆಳು ಧೂಳು ಬಿಟ್ಟರೆ ಏನೂ ತಾಗಿರಲಿಲ್ಲ. ಬೀದಿಯವರೆಲ್ಲ ಬಂದು ಆ ಮೂರನ್ನು ನೋಡಿಹೋದರು. ತಿಂಗಳು ಮುಗಿದ ದಿನ ಅತ್ತೆ ಅರ್ಜಿಗೆ ಸಹಿ ಹಾಕಿದರು.

ಅರ್ಜಿ ಆರೋಗ್ಯಾಧಿಕಾರಿಗೆ ಹೋಯಿತು. ಸೋಮವಾರ ಹತ್ತು ಗಂಟೆಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಿಚಾರಣೆ, ಕ್ರೇನು ನಡೆಸುವವರೆಲ್ಲ ಹಾಜರಿರಬೇಕು ಎಂದು ಚೀಟಿ ಅಂಟಿಸಿದರು. ಅದರ ಕೆಳಗೆ ದೊಡ್ಡ ಇಂಜಿನಿಯರು ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದ್ದರು: ದೂರು ನಿಜವಾದರೆ ಆ ಹೊತ್ತಿನ ಪಾಳಿಯವರನ್ನು ಕ್ರೇನಿನಿಂದ ಇಳಿಸಲಾಗುವುದು. ಮೂರು ದಿನವೂ ಬೆಳಗಿನ ಪಾಳಿ ನನ್ನದೇ. ಅತ್ತೆಗೆ ಅದು ಗೊತ್ತಿರಲಿಲ್ಲ. ನಾವು ನಾಲ್ಕು ಜನ ಬದಲಿಸಿ ಬದಲಿಸಿ ಕೂರುತ್ತೇವೆ, ಯಾವತ್ತು ಕ್ರೇನು, ಯಾವತ್ತು ದುರಸ್ತಿ ಎಂದು ಮನೆಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ.

ಭಾನುವಾರ ಸಂಜೆ ಅತ್ತೆ ಹಜಾರದಲ್ಲಿ ಬಟ್ಟೆಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಾ ಕೂತಿದ್ದರು. ಮಸಿ ಹಿಡಿದ ಮೂರನ್ನು ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದರು. ನನ್ನ ಗಂಡ ಎಂಟಕ್ಕೆ ಮಲಗಿ ಮೂರಕ್ಕೆ ಎದ್ದು ಬೇಕರಿಗೆ ಹೋಗುವವನು. ನಮ್ಮ ಮನೆಯ ಜಗಳಗಳೆಲ್ಲ ಅವನ ನಿದ್ದೆಯ ಮೇಲೆ ಹಾದುಹೋಗುತ್ತವೆ. ಅವತ್ತಂತೂ ಬಾಗಿಲು ಹಾಕಿಕೊಂಡು ಆಗಲೇ ಮಲಗಿಬಿಟ್ಟಿದ್ದ.

"ನಾಳೆ ಇವನ್ನೇ ಮೊದಲು ಬಿಚ್ಚಿ ತೋರಿಸ್ತೀನಿ" ಎಂದರು ಅತ್ತೆ.

"ಇದೆಲ್ಲ ನಿಮಗ್ಯಾಕೆ ಅತ್ತೆ? ಆರಾಮಾಗಿ ಮನೇಲಿ ಕೂರೋಕೆ ಆಗಲ್ವ?"

"ಮೂವತ್ತೊಂದು ವರ್ಷ ಕೂತಿಲ್ಲ. ಈಗ ಕೂತು ಏನು ಮಾಡಲಿ?"

"ಯಾರದೋ ಅನ್ನಕ್ಕೆ ಕಲ್ಲು ಹಾಕ್ತಿದೀರಿ."

"ಊರ ಮೇಲೆಲ್ಲ ಮಸಿ ಸುರಿಯೋನಿಗೆ ಅನ್ನದ ಯೋಚನೆ ಮೊದಲೇ ಇರಬೇಕಿತ್ತು. ಯಾವನೋ ಕೆಲಸಗಳ್ಳ."

ಇಷ್ಟು ದಿನ ಗಂಟಲಲ್ಲಿ ಹಿಡಿದಿಟ್ಟದ್ದು ಆಗ ಹೊರಗೆ ಬಂತು. "ಯಾವನೋ ಅಲ್ಲ, ಯಾವಳೋ. ಆ ಮೂರು ದಿನ ಕ್ರೇನಲ್ಲಿ ಕೂತಿದ್ದೋಳು ನಾನೇ. ಹೋಗಿ ತೋರಿಸಿ ನಾಳೆ. ನನ್ನನ್ನ ಇಳಿಸಿ ಕಸ ಆರಿಸೋಕೆ ನಿಲ್ಲಿಸ್ತಾರೆ, ನೋಡಿ ಸಂತೋಷಪಡಿ."

ಅತ್ತೆ ನನ್ನ ಮುಖ ನೋಡಿದರು. ಕೆಂಪು ದಾರದ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಬೇಕೂಂತ ಮಾಡಿದ್ದಾ?" ಎಂದರು.

"ಮೊದಲ ಸಲ ಇಂಜಿನಿಯರು ಹೇಳಿದ್ರು. ಆಮೇಲಿನ ಎರಡು ಸಲ ನಾನೇ."

"ಮಲಕ್ಕೋ ಹೋಗು."

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅತ್ತೆ ಮನೆಯಲ್ಲಿರಲಿಲ್ಲ. ಗಂಟು ಕಟ್ಟಿಕೊಂಡು ದರ್ಜಿಯ ಅಂಗಡಿಗೆ ಆಗಲೇ ಹೋಗಿದ್ದರು. ಬಚ್ಚಲ ನೆಲ ಒದ್ದೆಯಾಗಿತ್ತು. ಮೂಲೆಯ ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ತಿಳಿನೀಲಿ ನೀರು ಉಳಿದಿತ್ತು. ಗಂಡನ ಬೇಕರಿಯ ಬಿಳಿ ಅಂಗಿಗೆ ನೀಲಿ ಹಾಕಿರಬೇಕು ಎಂದುಕೊಂಡು ಅದನ್ನು ಚೆಲ್ಲಿ ಸ್ನಾನ ಮಾಡಿದೆ. ಸೊಸೆಯ ಕುರ್ಚಿ ಕಿತ್ತುಕೊಳ್ಳಲು ಹೋಗುವ ದಿನವೂ ಮಗನ ಅಂಗಿ ಮರೆಯಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕ್ಯಾಂಟೀನಿನಲ್ಲಿ ನಾಲ್ಕು ಮೇಜು ಸೇರಿಸಿ ಒಂದು ಮಾಡಿದ್ದರು. ಒಂದು ಕಡೆ ಆರೋಗ್ಯಾಧಿಕಾರಿ, ಕನ್ನಡಕದ ಹೆಂಗಸು, ಮಾತು ಕಡಿಮೆ. ಪಕ್ಕದಲ್ಲಿ ದಾಖಲೆ ಪುಸ್ತಕ ಹಿಡಿದ ದೊಡ್ಡ ಇಂಜಿನಿಯರು. ಎದುರಿಗೆ ದರ್ಜಿ, ಬೀದಿಯ ಹತ್ತು ಹನ್ನೆರಡು ಜನ, ನಡುವೆ ಗಂಟಿಟ್ಟುಕೊಂಡ ಅತ್ತೆ. ನಾವು ಕ್ರೇನಿನವರು ಗೋಡೆಗೆ ಒರಗಿ ನಿಂತೆವು. ಸಲಾಕೆಯಣ್ಣ ಬಾಗಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ.

ಇಂಜಿನಿಯರು ಪುಸ್ತಕ ತೆರೆದು ಮೂರೂ ದಿನದ ಬಿಸಿ ಓದಿದರು. ಎಲ್ಲವೂ ಎಂಟುನೂರ ಐವತ್ತರ ಮೇಲೆ. "ಇನ್ನು ಅಜ್ಜಿ ಬಟ್ಟೆ ತೋರಿಸಲಿ" ಎಂದರು.

ಅತ್ತೆ ಗಂಟು ಬಿಚ್ಚಿದರು. ಒಂದರಿಂದ ಶುರುಮಾಡಿ ಒಂದೊಂದಾಗಿ ಮೇಜಿನ ಮೇಲೆ ಹಾಸುತ್ತಾ ಹೋದರು. ಮಸಿಯವನ್ನು ಮೊದಲು ಬಿಚ್ಚುತ್ತೇನೆ ಎಂದಿದ್ದವರು ಯಾಕೆ ಸಾಲಾಗಿ ಹಾಸುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ. ಆರು ಬಂತು, ಏಳು ಬಂತು. ಏಳು ಬಿಳಿಯಾಗಿತ್ತು. ಹದಿನಾಲ್ಕು ಬಂತು, ಬಿಳಿ. ಇಪ್ಪತ್ತೆರಡು, ಅದೂ ಬಿಳಿ. ಮೂವತ್ತೊಂದನ್ನೂ ಹಾಸಿ ಮುಗಿಸಿ ಕೈ ಕಟ್ಟಿ ನಿಂತರು.

"ಎಲ್ಲಾ ಬಿಳೀನೇ ಇದೆಯಲ್ಲಮ್ಮ. ಅರ್ಜಿಯಲ್ಲಿ ಮೂರು ದಿನ ಮಸಿ ಅಂತಿದೆ" ಎಂದರು ಅಧಿಕಾರಿ.

ದರ್ಜಿ ಎದ್ದು ನಿಂತ. "ಅಮ್ಮ, ಏನಿದು? ನಾನೇ ಕಣ್ಣಾರೆ ನೋಡಿದೀನಿ, ಕರ್ರಗಿತ್ತು. ನೀವೇ ಉಜ್ಜಿ ತೋರಿಸಿದ್ರಲ್ಲ."

ಅತ್ತೆ ಅವನ ಕಡೆ ತಿರುಗಲಿಲ್ಲ. "ವಯಸ್ಸಾಯ್ತು. ನನ್ನ ಕಣ್ಣು ತಪ್ಪಿರಬೇಕು" ಎಂದರು.

ಇಂಜಿನಿಯರು ನಕ್ಕರು. ಒಬ್ಬರು ನಕ್ಕರೆ ಸಾಕಲ್ಲ, ಗೋಡೆಗೆ ಒರಗಿದ್ದ ನಮ್ಮವರಲ್ಲೂ ಇಬ್ಬರು ನಕ್ಕರು. "ಅಜ್ಜಿ, ಮೊದಲು ಕಣ್ಣಿನ ಡಾಕ್ಟರ ಹತ್ರ ಹೋಗಿ, ಆಮೇಲೆ ಅರ್ಜಿ ಕೊಡಿ" ಎಂದರು ಇಂಜಿನಿಯರು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಬಟ್ಟೆಗಳನ್ನು ಮಡಿಸಲು ಬಗ್ಗಿದರು.

ನಾನು ಮೇಜಿನ ಕಡೆ ನೋಡುತ್ತಾ ನಿಂತಿದ್ದೆ. ನಾನೂ ಈ ಮನೆಯಲ್ಲಿ ಹನ್ನೊಂದು ವರ್ಷ ಬಟ್ಟೆ ಒಣಹಾಕಿದವಳು. ಇಪ್ಪತ್ತೆಂಟು ತುಂಡುಗಳು ಹಗಲೆಲ್ಲಾ ಹೊರಗೆ ಬಿದ್ದಿದ್ದ ಬಟ್ಟೆ ಹೇಗಿರಬೇಕೋ ಹಾಗಿದ್ದವು: ಮಾಸಲು ಬಿಳಿ, ನಾಲ್ಕು ಮೂಲೆಯಲ್ಲಿ ಕಲ್ಲಿನ ಗುರುತು. ಏಳು, ಹದಿನಾಲ್ಕು, ಇಪ್ಪತ್ತೆರಡು ಮಾತ್ರ ಅವುಗಳ ನಡುವೆ ಹೊಳೆಯುತ್ತಿದ್ದವು. ಧೂಳಿಲ್ಲ, ಕಲ್ಲಿನ ಗುರುತಿಲ್ಲ, ಅಂಚಿನಲ್ಲಿ ತೆಳ್ಳಗೆ ನೀಲಿ. ಬಕೆಟ್ಟಿನ ನೀರು ನೆನಪಾಯಿತು.

ಬೆಳಗಿನ ಜಾವ ಎದ್ದು, ನಾನು ಮಲಗಿರುವಾಗ, ಆ ಮಸಿಯನ್ನು ತೆಗೆದಿದ್ದಾರೆ. ತೆಗೆದು ಇಲ್ಲಿಗೆ ತಂದು, ಇಷ್ಟು ಜನರ ಮುಂದೆ ನನ್ನ ಕಣ್ಣು ತಪ್ಪಿತು ಎಂದು ಹೇಳಿದ್ದಾರೆ. ಬೇರೆ ಏನನ್ನು ಹೇಳಿದ್ದರೂ ನಾನು ಸುಮ್ಮನಿರುತ್ತಿದ್ದೆನೇನೋ. ಈ ಮಾತನ್ನು ಈ ಹೆಂಗಸಿನ ಬಾಯಲ್ಲಿ ಹೇಳಿಸಿದವಳು ನಾನು ಎಂದು ಗೊತ್ತಾದಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಮೇಡಂ, ಆ ಮೂರು ಬಟ್ಟೆ ಒಗೆದದ್ದು" ಎಂದೆ.

"ಬಾಯಿ ಮುಚ್ಚೇ" ಎಂದರು ಅತ್ತೆ, ತಲೆಯೆತ್ತದೆ.

"ಉಳಿದವುಗಳಲ್ಲಿ ಧೂಳಿದೆ, ಇವುಗಳಲ್ಲಿ ಇಲ್ಲ. ಹಗಲೆಲ್ಲಾ ತಾರಸಿ ಮೇಲೆ ಬಿದ್ದಿದ್ದ ಬಟ್ಟೆಗೆ ಧೂಳು ಕೂಡ ತಾಗಲ್ವ? ಹದಿನಾಲ್ಕನೇ ತಾರೀಖಿನ ಬಟ್ಟೆ ಬಿಳಿ ಇರೋಕೆ ಸಾಧ್ಯವೇ ಇಲ್ಲ ಮೇಡಂ. ಅವತ್ತು ತಂತಿ ಕತ್ತರಿಸದೆ ಮೂವತ್ತು ಕಟ್ಟು ಹುಲ್ಲು ಹಾಕಿದ್ದು ನಾನು."

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೀನು ಯಾರು?" ಎಂದರು.

"ಬೆಳಗಿನ ಪಾಳಿ ಕ್ರೇನಿನವಳು. ಇವರ ಸೊಸೆ."

ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಹದಿನಾಲ್ಕನೇ ತಾರೀಖಿನ ತುಂಡನ್ನು ಎತ್ತಿ ಮೂಸಿದರು. ಸೋಪಿನ ವಾಸನೆ ಬಂದಿರಬೇಕು. ತುಂಡನ್ನು ನಿಧಾನವಾಗಿ ಕೆಳಗಿಟ್ಟರು.

"ಸುಮ್ನೆ ಏನೇನೋ ಹೇಳ್ತಿದಾಳೆ. ಪುಸ್ತಕದಲ್ಲಿ ಎಲ್ಲಾ ಸರಿಯಾಗಿದೆ" ಎಂದರು ಇಂಜಿನಿಯರು.

"ಪುಸ್ತಕದಲ್ಲಿ ಗಂಟೆಗೊಂದ್ಸಲ ಬರೀತಾರೆ ಸರ್. ನಲವತ್ತು ನಿಮಿಷದ ತಪ್ಪು ಅದರೊಳಗೆ ಹೇಗೆ ಸಿಗುತ್ತೆ? ಏಳನೇ ತಾರೀಖು ನೀವೇ ಹಾಗೇ ಹಾಕು ಅಂದ್ರಿ, ಹಾಕಿದೆ. ಉಳಿದ ಎರಡು ದಿನ ನೀವು ಹೇಳಿಲ್ಲ. ಅದು ಪೂರ್ತಿ ನನ್ನದು."

ಸಲಾಕೆಯಣ್ಣ ಬಾಗಿಲಿಂದ ಮಾಯವಾದ. ಐದು ನಿಮಿಷದ ಮೇಲೆ ಕೈಗಾಡಿಯಲ್ಲಿ ಆ ಕರಿ ಕಟ್ಟನ್ನು ತಳ್ಳಿಕೊಂಡು ಬಂದ. ಕ್ಯಾಂಟೀನಿನ ನೆಲದ ತುಂಬಾ ಬೂದಿ. ಯಾರ ಅಪ್ಪಣೆಯನ್ನೂ ಕೇಳದೆ ಇಕ್ಕಳದಿಂದ ಮೂರೂ ತಂತಿ ಕತ್ತರಿಸಿದ. ಕಟ್ಟು ಬಿಚ್ಚಿಕೊಂಡು ಎರಡಾಗಿ ಬಿತ್ತು, ಒಳಗಿನ ಹಳದಿ ಹುಲ್ಲು ಅಧಿಕಾರಿಯ ಚಪ್ಪಲಿಯ ತನಕ ಹರಡಿತು.

"ಕುಲುಮೆಯಿಂದ ಬಂದದ್ದು. ಇಪ್ಪತ್ತೆರಡನೇ ತಾರೀಖು" ಎಂದ. ಅವನು ಅಷ್ಟು ಜನರ ಮುಂದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನಡೆದದ್ದೆಲ್ಲ ಕಾಗದದ ಮೇಲಿನ ಕೆಲಸ. ಬಿಸಿಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆಯಬೇಕು, ಹುಲ್ಲಂಗಳಕ್ಕೆ ಗಟ್ಟಿ ಚಾವಣಿ ಹಾಕಬೇಕು, ತಂತಿ ಕತ್ತರಿಸಲು ಇನ್ನೂ ನಾಲ್ಕು ಜನ ಬೇಕು ಎಂದು ಅಧಿಕಾರಿ ಬರೆದರು. ದೊಡ್ಡ ಇಂಜಿನಿಯರಿಗೆ ಮೇಲಿನವರಿಂದ ನೋಟಿಸು ಬಂತು. ನನ್ನನ್ನು ನಾಲ್ಕು ತಿಂಗಳು ಕ್ರೇನಿನಿಂದ ಇಳಿಸಿ ಹುಲ್ಲಂಗಳದಲ್ಲಿ ತಂತಿ ಕತ್ತರಿಸಲು ಹಾಕಿದರು. ಅದು ಮುಗಿದ ಮೇಲೆ ಮತ್ತೆ ಪರೀಕ್ಷೆ, ಪಾಸಾದರೆ ಕುರ್ಚಿ.

ಅವತ್ತು ಮನೆಗೆ ನಾವಿಬ್ಬರೂ ನಡೆದೇ ಬಂದೆವು. ಎರಡು ಬೀದಿ ದಾಟುವ ತನಕ ಅತ್ತೆ ಮುಖ ಊದಿಸಿಕೊಂಡೇ ಇದ್ದರು.

"ನಾಲ್ಕು ಗಂಟೆಗೆ ಎದ್ದು, ಸೀಮೆಎಣ್ಣೆ ಹಾಕಿ, ಬಿಸಿನೀರಲ್ಲಿ ಎರಡು ಸಲ ಸೋಪು ಹಚ್ಚಿ ಉಜ್ಜಿ, ಇಸ್ತ್ರಿ ಹಾಕಿ ಒಣಗಿಸಿದೀನಿ. ಕೈ ಇನ್ನೂ ಉರೀತಿದೆ. ಎಲ್ಲಾ ದಂಡ ಮಾಡಿಬಿಟ್ಟೆ" ಎಂದರು ಆಮೇಲೆ.

"ಯಾರು ಒಗೀರಿ ಅಂದ್ರು ನಿಮಗೆ?"

"ನೀನು ಆ ಕುರ್ಚಿಗೆ ಎಷ್ಟು ಒದ್ದಾಡಿದೆ ಅಂತ ನನಗೆ ಗೊತ್ತಿಲ್ವ? ಬೀದಿ ಜನ ಒಂದು ದಿನ ನಗ್ತಾರೆ, ಮರೆತುಹೋಗ್ತಾರೆ. ಕುರ್ಚಿ ಹೋದ್ರೆ ಬರುತ್ತಾ?"

ಮನಸ್ಸು ಕರಗಿದ್ದನ್ನು ತೋರಿಸಿಕೊಳ್ಳಬಾರದು ಎಂದು ಜಗಳಕ್ಕೇ ಇಳಿದೆ. "ಒಗೆದ್ರಿ ಸರಿ. ನೀಲಿ ಯಾಕೆ ಹಾಕಿದ್ರಿ? ಹಾಗೇ ಹಿಂಡಿ ಸ್ವಲ್ಪ ಧೂಳು ತಾಗಿಸಿದ್ರೆ ನನಗೂ ಗೊತ್ತಾಗ್ತಿರಲಿಲ್ಲ, ಯಾರಿಗೂ ಗೊತ್ತಾಗ್ತಿರಲಿಲ್ಲ."

ಅತ್ತೆ ನಿಂತುಬಿಟ್ಟರು. ಈ ವಿಚಾರ ಅವರ ತಲೆಗೆ ಬಂದೇ ಇರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಒಗೆದ ಬಿಳಿ ಬಟ್ಟೆನ ನೀಲಿ ಹಾಕದೆ ಹೇಗೆ ಬಿಡೋದು?" ಎಂದರು. ಗಂಟನ್ನು ಇನ್ನೊಂದು ಕೈಗೆ ಬದಲಿಸಿ, "ಅದೂ ನಾಲ್ಕು ಜನರ ಮುಂದೆ ತಗೊಂಡು ಹೋಗೋ ಬಟ್ಟೆ" ಎಂದರು.

ನನಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ನಡುರಸ್ತೆಯಲ್ಲಿ ನಿಂತು ಎರಡನ್ನೂ ಮಾಡಿದೆ. ಅತ್ತೆ ಯಾರಾದರೂ ನೋಡುತ್ತಾರೆ ಎಂದು ನನ್ನ ರಟ್ಟೆ ಹಿಡಿದು ಮುಂದೆ ಎಳೆದರು.

"ನನ್ನ ಕಣ್ಣು ತಪ್ಪಿತು ಅಂತ ಇನ್ನೊಂದ್ಸಲ ಯಾರ ಮುಂದೆನೂ ಹೇಳಬೇಡಿ ಅತ್ತೆ" ಎಂದೆ.

"ಹೇಳಲ್ಲ, ನಡಿ."

ನಾಲ್ಕು ತಿಂಗಳು ತಂತಿ ಕತ್ತರಿಸಿದೆ. ಒಂದು ಕಟ್ಟಿಗೆ ಮೂರು ತಂತಿ, ದಿನಕ್ಕೆ ಇನ್ನೂರು ಕಟ್ಟು. ಅಂಗೈ ಒಡೆದು, ಗಟ್ಟಿಯಾಗಿ, ಮತ್ತೆ ಒಡೆಯಿತು. ಗಾಜಿನ ಕೋಣೆಯಲ್ಲಿ ಕೂತು ಇವರು ಯಾಕಿಷ್ಟು ನಿಧಾನ ಮಾಡುತ್ತಾರೆ ಎಂದು ಬೈಯುತ್ತಿದ್ದೆನಲ್ಲ, ಆ ಬೈಗುಳವನ್ನೆಲ್ಲ ದಿನಾ ನೆನಪು ಮಾಡಿಕೊಂಡೆ. ಸಲಾಕೆಯಣ್ಣ ದಿನಕ್ಕೊಮ್ಮೆ ಸಲಾಕೆಯನ್ನು ನನ್ನ ಕೈಗೆ ಕೊಟ್ಟು ಕಾವು ನೋಡಲು ಕಲಿಸಿದ. ತಾರಸಿಯ ಮೇಲೆ ಅತ್ತೆಯ ಬಟ್ಟೆ ಒಂದು ದಿನವೂ ತಪ್ಪಲಿಲ್ಲ. ಈಗ ಅಧಿಕಾರಿಯೇ ತಿಂಗಳಿಗೊಮ್ಮೆ ಬಂದು ಅವುಗಳನ್ನು ನೋಡಿಕೊಂಡು ಹೋಗುತ್ತಾರೆ.

ಪರೀಕ್ಷೆಯಲ್ಲಿ ಪಾಸಾದೆ. ಮತ್ತೆ ಕುರ್ಚಿಗೆ ಹೋಗುವ ದಿನ ಬೆಳಿಗ್ಗೆ ಬೇಗ ಎದ್ದೆ. ಅತ್ತೆ ನನಗಿಂತ ಮೊದಲೇ ಎದ್ದು ಹಜಾರದ ದೀಪದ ಕೆಳಗೆ ಬಟ್ಟೆಯ ತುಂಡೊಂದನ್ನು ತೊಡೆಯ ಮೇಲೆ ಹಾಸಿಕೊಂಡು ಹೊಲಿಯುತ್ತಿದ್ದರು. ಯಾವಾಗಲೂ ಸಂಜೆ ಹೊಲಿಯುವವರು ಇವತ್ತು ಬೆಳಿಗ್ಗೆಯೇ ತಾರೀಖು ಹೊಲಿದು ಮುಗಿಸಿದ್ದರು. ತಾರೀಖಿನ ಪಕ್ಕದಲ್ಲಿ ಕೆಂಪು ದಾರದಲ್ಲಿ ಇನ್ನೇನೋ ಮೂಡುತ್ತಿತ್ತು. ಬಗ್ಗಿ ನೋಡಿದೆ. ಆರು ಬೆರಳಿನ ಪಂಜ.

"ಇದೇನತ್ತೆ?"

"ಆಸ್ಪತ್ರೆಯಲ್ಲಿ ವಾರ್ಡಿನ ಗುರುತಿಲ್ದೆ ಒಂದು ಬಟ್ಟೆನೂ ಹೊರಗೆ ಬಿಡ್ತಿರಲಿಲ್ಲ. ಕಲೆ ಯಾರ ಕಡೆಯಿಂದ ಬಂತು ಅಂತ ಗೊತ್ತಾಗಬೇಕಲ್ಲ. ಇದು ನಿನ್ನ ಪಾಳಿ ಗುರುತು. ಇನ್ಮೇಲೆ ನೀನು ಕೂತ ದಿನವೆಲ್ಲ ಇದು ಇರುತ್ತೆ."

"ಮಸಿ ಬಿದ್ರೆ?"

ಅ‌ತ್ತೆ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಡಬ್ಬಿಗೆ ಹಾಕಿದರು. ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ಈ ಸಲ ಒಗೆಯಲ್ಲ" ಎಂದರು. "ಹೋಗು, ತಾರಸಿ ಮೇಲೆ ನೀನೇ ಹಾಸಿ ಹೋಗು."

ಹಲಗೆಯ ಮೇಲೆ ಬಟ್ಟೆ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟೆ. ನಾಲ್ಕು ಬೀದಿ ಆಚೆ ಚಿಮಣಿಯ ತುದಿಯಲ್ಲಿ ಹೊಗೆ ಕಾಣುತ್ತಿರಲಿಲ್ಲ. ಕೆಳಗಿಳಿದು, ಚಪ್ಪಲಿ ಮೆಟ್ಟಿಕೊಂಡು, ಪಾಳಿಗೆ ಹೊರಟೆ.